ಕನ್ನಡಿ ನೋಡಿಕೋತ ಎತ್ತರಿ

ಜಿಮ್ಮಿನಲ್ಲಿ ಕನ್ನಡಿ ಇರುವವರೆಗೂ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಬೆಳಗಾವಿಯ ಉದ್ಯಮಬಾಗದ ಒಂದು ಜಿಮ್ಮಿನಲ್ಲಿ ವರ್ಷಗಟ್ಟಲೆ ಟ್ರೇನರ್ ಆಗಿದ್ದವನು. ಈಗ ಖಾನಾಪುರದಲ್ಲಿ ನನ್ನದೇ ಜಿಮ್ ಇದೆ. 'ಇದೆ' ಎನ್ನುವಾಗ ಇವತ್ತಿಗೂ ಎದೆ ಒಮ್ಮೆ ಢವ ಎನ್ನುತ್ತದೆ, ಏಕೆಂದರೆ ಒಂದು ಕನ್ನಡಿಯ ದೆಸೆಯಿಂದ ಅದು ಕೈತಪ್ಪುವುದರಲ್ಲಿತ್ತು. ಅದಕ್ಕೂ ಬರುತ್ತೇನೆ.

ಕನ್ನಡಿ ಹಾಕುವುದು ಶೋಕಿಗಲ್ಲ. ಭಾರ ಎತ್ತುವಾಗ ಬೆನ್ನು ಬಾಗಿದೆಯೇ, ಒಂದು ಭುಜ ಮೇಲೆ ಹೋಗಿದೆಯೇ ಎಂದು ನಮ್ಮನ್ನು ನಾವು ನೋಡಿಕೊಳ್ಳಲಿಕ್ಕೆ. ಅದಕ್ಕೇ ದಿನವಿಡೀ "ಕನ್ನಡಿ ನೋಡಿಕೋತ ಎತ್ತರಿ" ಎಂದು ಕೂಗುತ್ತಿರುತ್ತೇನೆ. ಜನ ನೋಡುತ್ತಾರೆ ಕೂಡ. ಏನನ್ನು ನೋಡುತ್ತಾರೆ ಎನ್ನುವುದೇ ತಾಪತ್ರಯ.

ಬಂತು ನೋಡ್ರಿ!

ಉದ್ಯಮಬಾಗದ ಜಿಮ್ಮಿನ ಬಾಗಿಲು ರಸ್ತೆಗೇ ಇತ್ತು. ಫೌಂಡ್ರಿ ಕೆಲಸ ಮುಗಿಸಿ ಬರುವವರಲ್ಲಿ ಹತ್ತಿರದ ಮಚ್ಛೆ ಊರಿನ ಒಬ್ಬರಿದ್ದರು. ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವಾಗ ಅವರ ಕಣ್ಣು ಕನ್ನಡಿಯಿಂದ ಕದಲುತ್ತಿರಲಿಲ್ಲ. ನನಗೆ ಹೆಮ್ಮೆಯೋ ಹೆಮ್ಮೆ. ಹೊಸಬನೊಬ್ಬನಿಗೆ, "ಇವರನ್ನ ನೋಡಿ ಕಲಿ" ಎಂದೆ.

ಹೇಳಿ ಬಾಯಿ ಮುಚ್ಚಿರಲಿಲ್ಲ, ಅವರು "ಬಂತು ನೋಡ್ರಿ!" ಎಂದವರೇ ಭಾರವನ್ನು ಸ್ಟ್ಯಾಂಡಿಗಿಟ್ಟು, ಡಬ್ಬಿಯ ಚೀಲ ಹಿಡಿದು ಹೊರಗೆ ಓಡಿದರು. ಇಷ್ಟು ದಿನ ಅವರು ನೋಡುತ್ತಿದ್ದದ್ದು ಬೆನ್ನನ್ನಲ್ಲ, ಬೆನ್ನ ಹಿಂದಿನ ಬಸ್ಸನ್ನು.

ಹೊಸಬ ಚೆನ್ನಾಗಿಯೇ ಕಲಿತ. ಅವನದೂ ಮಚ್ಛೆಯೇ. ಕನ್ನಡಿಯಲ್ಲಿ ಎಡಕ್ಕೆ ಹೋದದ್ದು ತನ್ನ ಬಸ್ಸು ಎಂದು ಲೆಕ್ಕ ಹಾಕಿಕೊಂಡ. ಮರುದಿನ ಅದು ಕಂಡದ್ದೇ ತಡ, ಹೊರಗೆ ಓಡಿ ರಸ್ತೆಗೆ ಮುಖ ಮಾಡಿ ನಿಂತು, ಎಡಕ್ಕೆ ಹೊರಟಿದ್ದ ಬಸ್ಸು ಹತ್ತಿದ. ಅದು ಅವನನ್ನು ಮಚ್ಛೆಯ ಬದಲು ಬೆಳಗಾವಿ ಊರೊಳಗಿನ ಬಸ್‌ಸ್ಟ್ಯಾಂಡಿಗೆ ಮುಟ್ಟಿಸಿತು. ಕುಣಿಯಲಾರದವಳಿಗೆ ನೆಲ ಡೊಂಕಾದರೆ ಇವನಿಗೆ ಕನ್ನಡಿ ಡೊಂಕು.

"ಸರ, ಕನ್ನಡಿ ಬದಲಿ ಮಾಡ್ರಿ" ಎಂದ ಮಾರನೆಯ ದಿನ ಬಂದು. "ಬಸ್ ಖರೇ ತೋರಸತೈತಿ, ಊರ ಸುಳ್ಳ ತೋರಸತೈತಿ."

ಎದುರಿನ ಮುದುಕ

ಸೈನ್ಯದವರಿರುವ ಕ್ಯಾಂಪ್ ಪ್ರದೇಶದಿಂದ ನಿವೃತ್ತ ಸುಬೇದಾರರೊಬ್ಬರು ಬರುತ್ತಿದ್ದರು. ಬೆವರಿಗೆ ಜಾರುತ್ತದೆ ಎಂದು ಬಂದ ಕೂಡಲೇ ಕನ್ನಡಕ ತೆಗೆದಿಡುವರು. ಯಾರ ಬೆನ್ನು ಬಾಗಿದರೂ ಅವರಿಗೆ ತಡೆಯದು, ಕೂಗಿ ತಿದ್ದುವರು. ಒಂದು ರವಿವಾರ ಜಿಮ್ಮಿನ ಕೊನೆಯ ಗೋಡೆಗೂ ದೊಡ್ಡ ಕನ್ನಡಿ ಕೂರಿಸಿದೆವು. ಅವರಿಗೆ ಹೇಳುವುದು ಮರೆತುಹೋಯಿತು.

ಸೋಮವಾರ ಆ ಕಡೆಯಿಂದ ಗದ್ದಲ. "ಏ ಮುದಕಪ್ಪಾ, ನೆಟ್ಟಗ ನಿಂದರ! ಹೊಟ್ಟಿ ಒಳಗ ಎಳಕೊ!"

ನಾನು ಓಡಿಹೋದೆ. ಅವರ ಎದುರಿಗೆ ಕನ್ನಡಿಯ ಹೊರತು ಯಾರೂ ಇರಲಿಲ್ಲ.

"ಯಾರನ್ನ ಸೇರಿಸ್ಕೊಂಡೀಯೋ ಇಂವನ್ನ? ನಾ ಬಲಗೈ ಎತ್ತಿ ತೋರಸಾಕತ್ತೀನಿ, ಅಂವ ಎಡಗೈ ಎತ್ತತಾನ. ಮ್ಯಾಲೆ ನನಗ ಬಾಯಿ ಮಾಡ್ತಾನ!"

ನಾನು ಕನ್ನಡಕ ತಂದುಕೊಟ್ಟೆ. ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು. ಮೆಲ್ಲಗೆ ಹೊಟ್ಟೆ ಒಳಗೆಳೆದು ಎದೆ ಮುಂದೆ ಮಾಡಿ ನಿಂತರು.

"ನೋಡಿದ್ಯಾ? ಹೇಳಿದ ಕೂಡ್ಲೆ ಸುಧಾರಿಸಿದ" ಎಂದರು.

ಗೋಡೆಗೆ ಚಳಿ

ಇನ್ನು ಖಾನಾಪುರದ ಮಾತು. ನನ್ನ ಮಾವ ಅಲ್ಲಿಯ ಹಳೆಯ ವಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು. ಅವರ ಗರಡಿ ಮನೆ ಹುಡುಗರಿಲ್ಲದೆ ಮುಚ್ಚಿತ್ತು. ಜಿಮ್ ಮಾಡಿಕೊಳ್ಳಲಿಕ್ಕೆ ಅದನ್ನು ನನಗೆ ಬಿಟ್ಟುಕೊಟ್ಟರು. ಒಂದೇ ಷರತ್ತು.

"ಗರಡಿ ಮನ್ಯಾಗ ಕನ್ನಡಿ ಇರಬಾರದು ಅಳಿಯಂದ್ರ. ತನ್ನ ಮೈ ತಾನ ನೋಡಿಕೊಂಡ್ರ ತನ್ನ ದೃಷ್ಟಿ ತನಗ ತಾಕತೈತಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕು?"

ನಾನು ಉದ್ಯಮಬಾಗದ ನೌಕರಿ ಬಿಟ್ಟು ಬಂದಾಗಿತ್ತು. ಕನ್ನಡಿಯಿಲ್ಲದ ಜಿಮ್ಮಿಗೆ ಯಾರು ಬರುತ್ತಾರೆ? ಕದ್ದು ಹಾಕಿಸಿದೆ. ಅಲ್ಲಿಯ ಮಾರುತಿ ಫೋಟೊ ಪೂಜೆಗೆ ಮಾವ ಶನಿವಾರ ಬೆಳಿಗ್ಗೆ ಬರುವರು. ಅಷ್ಟು ಹೊತ್ತು ಕನ್ನಡಿಗೆ ಚಾದರ ಹೊದಿಸುತ್ತಿದ್ದೆ.

ಒಮ್ಮೆ ಕೇಳಿದರು. "ಚಾದರ ಯಾಕದು?"

"ಗ್ವಾಡಿಗಿ ಥಂಡಿ ಹಿಡದೈತ್ರಿ ಮಾವಾರ."

"ಹಂಗಾರ ಕಷಾಯಾನೂ ಕುಡಸ್ರಿ" ಎಂದು ಚಾದರ ಎಳೆದೇಬಿಟ್ಟರು. ಮುಖ ಕೆಂಪಾಯಿತು. "ಬರೂ ಶನಿವಾರದೊಳಗ ಇದು ಹೋಗಬೇಕು. ಇಲ್ಲಾ, ನೀವು ಹೋಗಬೇಕು."

ಅಷ್ಟು ಕೋಪದಲ್ಲೂ 'ನೀವು' ಎಂದರು. ಅಳಿಯನ ಮರ್ಯಾದೆ ದೊಡ್ಡದು.

ಟಿಕಳಿ

ಮಧ್ಯಾಹ್ನ ಹೆಣ್ಣುಮಕ್ಕಳ ಬ್ಯಾಚು, ಅದನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ. ನನ್ನ ಅತ್ತೆಯೂ ಬರುತ್ತಿದ್ದರು, ಮನೆಯಲ್ಲಿ ಭಜನೆಗೆ ಹೋಗುತ್ತೇನೆಂದು ಹೇಳಿ. ಬೆವರು ಬರುವ ಮೊದಲು ಎಲ್ಲರೂ ಹಣೆಯ ಅಂಟುಬೊಟ್ಟು, ಅಂದರೆ ಟಿಕಳಿ ತೆಗೆದು, ಮನೆಯ ಬಚ್ಚಲ ಕನ್ನಡಿಗೆ ಅಂಟಿಸುವಂತೆ, ಜಿಮ್ಮಿನ ಕನ್ನಡಿಗೆ ಅಂಟಿಸುವರು. ಅರ್ಧದಷ್ಟು ಅಲ್ಲೇ ಉಳಿಯುತ್ತಿದ್ದವು.

ಬೆಳಗಿನ ಬ್ಯಾಚಿನ ಪೈಲವಾನನೊಬ್ಬ ಮೀಸೆ ತಿರುವಿ ಕನ್ನಡಿಯ ಮುಂದೆ ನಿಂತ. ಹಣೆಯ ನಟ್ಟನಡುವೆ ಹಸಿರು ಟಿಕಳಿ. ಟವೆಲ್ಲಿನಿಂದ ಹಣೆ ತಿಕ್ಕಿದ, ಮತ್ತೆ ತಿಕ್ಕಿದ. ಕೊನೆಗೆ ನನ್ನ ಹತ್ತಿರ ಬಂದು, "ಸರ, ಸಾಬೂನ ಐತೇನ್ರಿ?" ಎಂದ.

ಕನ್ನಡಿಗೆ ಟಿಕಳಿ ಹಚ್ಚಬೇಡಿರೆಂದು ಅವರಿಗೆ ಹೇಳು ಎಂದೆ ಹೆಂಡತಿಗೆ. "ಕನ್ನಡಿಗೆ ಹಚ್ಚದ ನಿಮ್ಮ ಹಣಿಗಿ ಹಚ್ಚೂದೇನ್ರಿ?" ಎಂದಳು.

ಶನಿವಾರ

ಹೇಳಿದ ಶನಿವಾರ ಬಂತು. ಕನ್ನಡಿ ತೆಗೆಯಲು ನನಗೆ ಮನಸ್ಸೇ ಬರಲಿಲ್ಲ. ಬೆಳಿಗ್ಗೆ ಬರಬೇಕಾದ ಮಾವ ಮಧ್ಯಾಹ್ನ, ಹೆಣ್ಣುಮಕ್ಕಳ ಬ್ಯಾಚಿನ ಹೊತ್ತಿಗೇ ಬಂದರು. ಅತ್ತೆ ಗಬಕ್ಕನೆ ಬಾಗಿಲ ಹಿಂದೆ ಸೇರಿದರು. ಮಾವ ಮಾರುತಿಗೆ ಕಾಯಿ ಒಡೆದು, ಕನ್ನಡಿಯನ್ನು ತಾವೇ ಇಳಿಸಲು ಕೈ ಎತ್ತಿದರು.

ಕೈ ಅಲ್ಲೇ ನಿಂತಿತು. ಸಣ್ಣ ಟಿಕಳಿಗಳ ನಡುವೆ ಅಗಲವಾದ, ಕಡುಗೆಂಪು ಟಿಕಳಿ. ನಮ್ಮ ಓಣಿಯಲ್ಲಿ ಅಷ್ಟು ದೊಡ್ಡದನ್ನು ಹಚ್ಚುವವರು ಒಬ್ಬರೇ.

"ಇದು ಯಾರದು?"

ನಾನು ಹೆಂಡತಿಯನ್ನು ನೋಡಿದೆ, ಅವಳು ಮಾರುತಿಯನ್ನು ನೋಡಿದಳು. ಬಾಗಿಲ ಹಿಂದಿನಿಂದ ಅತ್ತೆ ಬಂದರು. ಸೆರಗು ಸೊಂಟಕ್ಕೆ ಸಿಗಿಸಿತ್ತು, ಕೈಯಲ್ಲಿ ಡಂಬೆಲ್ ಹಾಗೇ ಇತ್ತು.

"ನಂದರಿ. ಮದಿವ್ಯಾಗಿ ಬಂದಾಗಿಂದ ಈ ಹೊಸ್ತಿಲಾ ದಾಟಾಕ ಬಿಟ್ಟಿಲ್ಲ ನೀವು, ಹೆಂಗಸರು ಗರಡಿ ಮನಿಗಿ ಬರಬಾರದು ಅಂತ. ಈಗ ಇದು ಜಿಮ್ ಆಗೈತಿ, ಬಂದೀನಿ. ತಗೀತೀರೇನು ಕನ್ನಡಿ? ತಗೀರಿ. ನಾ ಟಿಕಳಿ ಹಚ್ಚಿದ ಕನ್ನಡಿ ಎಲ್ಲಿ ಹೋಗತೈತೋ ನಾನೂ ಅಲ್ಲೇ ಹೋಗ್ತೀನಿ. ರೊಟ್ಟಿ ನೀವ ಬಡಕೊಳ್ರಿ."

ಮಾವ ಸಹಾಯಕ್ಕೆಂದು ಮಾರುತಿಯ ಕಡೆ ನೋಡಿದರು. ಅವನು ಬ್ರಹ್ಮಚಾರಿ, ಇಂಥ ವಿಷಯದಲ್ಲಿ ಅವನಿಗೇನು ಅನುಭವ? ಮಾವ ಕೈ ಇಳಿಸಿ, ಒಡೆದ ಕಾಯಿ ಎತ್ತಿಕೊಂಡು ಮನೆಗೆ ಹೋದರು. ಜಿಮ್ ಉಳಿಯಿತು. ನನಗಂತೂ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು, ಬಿದ್ದೂಬಿಟ್ಟೆ.

ಕೆಲವು ತಿಂಗಳ ಮೇಲೆ ಮಾವ ಶನಿವಾರವಲ್ಲದ ದಿನ ಬಂದು ನನ್ನನ್ನು ಪಕ್ಕಕ್ಕೆ ಕರೆದರು. ಮತ್ತೆ ಕನ್ನಡಿಯ ಮಾತೇ ಎಂದು ಹೆದರಿದೆ.

"ಕನ್ನಡಿ ಇರಲಿ ಅಳಿಯಂದ್ರ. ನಿಮ್ಮ ಅತ್ತಿಗೆ ಕೊಡೂ ಭಾರ ಅಷ್ಟ ಕಡಿಮಿ ಮಾಡ್ರಿ."

"ಯಾಕ್ರಿ ಮಾವಾರ, ಏನಾತು?"

"ನಿನ್ನೆ ನಾ ಮಂಚದ ಮ್ಯಾಲ ಅಡ್ಡಾಗಿದ್ದೆ. ಏಳ್ರಿ, ಕಸಾ ಹೊಡೀಬೇಕು ಅಂದ್ಲು. ನಾ ಏಳಲಿಲ್ಲ. ಒಂದ ಕೈಲೆ ನನ್ನ ಸಮೇತ ಮಂಚದ ಅಂಚ ಎತ್ತಿ ಹಿಡದು, ಇನ್ನೊಂದ ಕೈಲೆ ಕಸಾ ಹೊಡದು, ಹಗೂರಕ ಇಳಿಸಿದ್ಲು."

ಟ್ರೇನರ್ ಬುದ್ಧಿ ಎಲ್ಲಿ ಹೋಗುತ್ತದೆ, ನನಗೆ ಗಾಬರಿಯಾಯಿತು. "ಬೆನ್ನ ಬಾಗಿಸಿದ್ರೇನ್ರಿ?"

"ಎಲ್ಲೀ ಬಾಗಸೂದು?" ಎಂದು ಹಣೆ ಬಡಿದುಕೊಂಡರು ಮಾವ. "ಕಪಾಟಿನ ಕನ್ನಡಿ ನೋಡಿಕೋತ ಎತ್ತಿದ್ಲು!"