ಕೊಳ ಚಿಕ್ಕದಲ್ಲ!

ಮಲೆಸೆಲಾ ಜೀವಮಾನದಲ್ಲಿ ಯಾರಿಗೂ ಜಗ್ಗಿದವನಲ್ಲ (ಹೆಂಡತಿಗೆ ಜಗ್ಗಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು). ದಕ್ಷಿಣ ಆಫ್ರಿಕಾದ ಪೊಲೊಕ್ವಾನೆಯಲ್ಲಿದ್ದ ತನ್ನ ಮನೆಯ ಹಿತ್ತಲಿನ ಈಜುಕೊಳದ ವಿಷಯದಲ್ಲಂತೂ ಅವಳಿಗೂ ಜಗ್ಗುವುದಿಲ್ಲವೆಂದು ಟೊಂಕ ಕಟ್ಟಿ ನಿಂತಿದ್ದ.

"ಇದನ್ನ ಈಜುಕೊಳ ಅಂತಾರೇನ್ರೀ? ಹಂಡೆ ಅಂತಾರೆ," ಎಂದಳು ಮಾಕೊಮಾ. "ಈ ಕಡೆ ಕಾಲು ಬಡಿದ್ರೆ ಆ ಕಡೆ ತಲೆ ಬಡಿಯುತ್ತೆ. ಮುಚ್ಚಿಸಿ, ಸೊಪ್ಪು ಹಾಕೋಣ."

"ನಾನು ಬದುಕಿರೋ ತನಕ ಮುಚ್ಚಿಸಲ್ಲ! ಚಿಕ್ಕದಾಗಿರೋದು ಕೊಳ ಅಲ್ಲ ಕಣೇ, ನಿನ್ನ ದೃಷ್ಟಿ."

ದೃಷ್ಟಿ ವಿಸ್ತರಣಾ ಮಹಾಯೋಜನೆ ಮರುದಿನವೇ ಆರಂಭವಾಯಿತು. ಗೋಡೆಗೆ ತಿಳಿನೀಲಿ ಬಳಿದ. ಕುರ್ಚಿಗಳನ್ನೆಲ್ಲ ಹೊರಹಾಕಿದ (ಬಂದವರು ನಿಂತುಕೊಳ್ಳಲಿ!). ಕೊನೆಗೆ, ಮುಚ್ಚಿಹೋದ ಕ್ಷೌರದಂಗಡಿಯಿಂದ ಆಳೆತ್ತರದ ಕನ್ನಡಿಗಳನ್ನು ತಂದು ಹಿಂಗೋಡೆಯ ಉದ್ದಕ್ಕೂ ನಿಲ್ಲಿಸಿದ. ಒಂದು ಕೊಳ ಎರಡಾಯಿತು, ಒಂಟಿ ನಿಂಬೆಗಿಡ ತೋಪಾಯಿತು. ಫೋಟೋ ತೆಗೆದು ಬಂಧುಬಳಗಕ್ಕೆಲ್ಲ ಕಳಿಸಿದ.

ಭಾನುವಾರ ಮಾಕೊಮಾಳ ಸೋದರಮಾವ ಫಿನಿಯಾಸ್ ಶಾಮಿಯಾನದವನನ್ನೇ ಕರೆದುಕೊಂಡು ಬಂದಿಳಿದರು. ಮಾಕೊಮಾಳ ತಂಗಿಗೆ ಗಂಡಿನ ಕಡೆಯವರು ಕನ್ಯಾಶುಲ್ಕದ ಹಸುಗಳನ್ನು ತರುವ ದಿನ ನಿಶ್ಚಯವಾಗಿತ್ತು. ಫೋಟೋ ನೋಡಿದ ಮಾವ, ಔತಣ ಇಲ್ಲೇ ಎಂದು ಇನ್ನೂರು ಜನರಿಗೆ ಹೇಳಿಯೂಬಿಟ್ಟಿದ್ದರು.

ಹಿತ್ತಲಿಗೆ ಬಂದ ಮಾವ, ಎದುರಿನಿಂದ ಬರುತ್ತಿದ್ದ ಹಿರಿಯರೊಬ್ಬರಿಗೆ ಟೋಪಿ ತೆಗೆದು ತಲೆಬಾಗಿದರು. ಅವರೂ ಅಷ್ಟೇ ಗೌರವದಿಂದ ಬಾಗಿದರು. ಹಣೆಗೆ ಹಣೆ ಢಿಕ್ಕಿಯಾಯಿತು.

"ಅಳಿಯಂದ್ರೇ, ಅರ್ಧ ಜಾಗ ಗಾಜಿನೊಳಗಿದೆಯಲ್ರೀ!" ಮಾವ ಹಣೆ ಉಜ್ಜಿಕೊಂಡರು. "ಚಿಕ್ಕದು ಅಂತ ಈಗ್ಲೇ ಒಪ್ಕೊಂಡ್ಬಿಡಿ, ಬೇರೆ ಕಡೆ ನೋಡ್ತೀನಿ."

ಬಾಗಿಲಲ್ಲಿ ಮಾಕೊಮಾ ಆ ಒಂದು ಮಾತಿಗಾಗಿಯೇ ಕಿವಿ ನಿಮಿರಿಸಿ ನಿಂತಿದ್ದಳು. ಚಿಕ್ಕದು ಎಂದರೆ ಕೊಳ ಹೋಯಿತು; ದೊಡ್ಡದು ಎಂದರೆ ಇನ್ನೂರು ಜನ. ಮಲೆಸೆಲಾ ಎದೆ ಸೆಟೆಸಿದ.

"ಚಿಕ್ಕದಾ? ಯಾರು ಹೇಳಿದ್ದು? ಮುನ್ನೂರು ಜನ ಬರ್ಲಿ!"

"ಹಾಗಾದ್ರೆ ಕೊಳದ ಮೇಲೆ ಹಲಗೆ ಹಾಸ್ತೀನಿ," ಎಂದ ಶಾಮಿಯಾನದವನು, ಆಗಲೇ ಅಳತೆ ಹಿಡಿಯುತ್ತ.

ಹಸುಗಳು ಬಂದವು, ಬೀಗರು ಬಂದರು. ಕೊಳದ ನಟ್ಟನಡುವೆ ಹೆಂಗಸರು ಕೇಕೆ ಹಾಕಿ ಕುಣಿದರು; ಒಬ್ಬರ ಪಾದವೂ ಒದ್ದೆಯಾಗಲಿಲ್ಲ. ಎಲ್ಲರೂ ಹೋದ ಮೇಲೆ ಮಾಕೊಮಾ ಹಲಗೆಗಳ ಮೇಲೆ ಉದ್ದಗಲ ನಡೆದಾಡಿ, ಮದುವೆಯಾದಾಗಿನಿಂದ ಮೊದಲ ಬಾರಿಗೆ ಗಂಡನ ಮಾತನ್ನು ಒಪ್ಪಿಕೊಂಡಳು.

"ನೀವು ಹೇಳಿದ್ದೇ ಸರಿ ರೀ. ಎಷ್ಟು ವಿಶಾಲವಾಗಿದೆ! ಈ ಹಲಗೆ ಇನ್ನು ತೆಗೀಲೇಬೇಡಿ."

ವಾದ ಗೆದ್ದ ಮಲೆಸೆಲಾ ಮಂಡಿಯೂರಿ, ಹಲಗೆಯ ಸಂದಿಯಿಂದ ತನ್ನ ಕೊಳವನ್ನು ಇಣುಕಿ ನೋಡಿದ.