ಸಮುದ್ರ ನೋಡಿದ ತಕ್ಕಡಿ

ಡಾಂಬರು ಹಚ್ಚಿದ ಹಗ್ಗ ಉಪ್ಪುನೀರಿನಲ್ಲಿ ನೆನೆದು, ಮತ್ತೆ ಬಿಸಿಲಿಗೆ ಒಣಗಿದಾಗ ಒಂದು ವಾಸನೆ ಬರುತ್ತದೆ. ತಕ್ಕಡಿಯಕ್ಕನ ಪಾಲಿಗೆ ಸಮುದ್ರವೆಂದರೆ ಆ ವಾಸನೆ. ಅವಳ ಸೋದರಮಾವ ದೋಣಿಯ ಕೆಲಸಕ್ಕಿದ್ದ. ವರ್ಷಕ್ಕೊಮ್ಮೆ ಬಂದನೆಂದರೆ ಅವನ ಅಂಗಿಗೆ, ಚೀಲಕ್ಕೆ, ಕೂದಲಿಗೆ, ಕೊನೆಗೆ ಅವನು ತಂದ ಪೆಪ್ಪರಮೆಂಟಿಗೂ ಅದೇ ವಾಸನೆ. ಅಮ್ಮ ಮೂಗು ಮುಚ್ಚಿಕೊಂಡು ಚೀಲವನ್ನು ಹಿತ್ತಲಿಗೆ ಸಾಗಿಸುತ್ತಿದ್ದಳು. ಕಾಲು ಬಾರದ ಈ ಹುಡುಗಿ ಮಾತ್ರ ಅವನ ತೋಳಿಗೆ ಮೂಗೊತ್ತಿ ಕೂರುತ್ತಿದ್ದಳು. "ಸ್ವಲ್ಪ ದೊಡ್ಡವಳಾಗು ಪುಟ್ಟಿ, ಹೆಗಲ ಮೇಲೆ ಕೂರಿಸ್ಕೊಂಡು ಹೋಗಿ ಸಮುದ್ರ ತೋರಿಸ್ತೀನಿ" ಎನ್ನುತ್ತಿದ್ದ ಮಾವ. ಅವಳು ದೊಡ್ಡವಳಾದಳು. ಅಷ್ಟರಲ್ಲಿ ಮಾವನ ಹೆಗಲು ಚಿಕ್ಕದಾಗಿತ್ತು. ಆಮೇಲೆ ಮಾವನೇ ಇಲ್ಲವಾದ.

ಈಗ ಅವಳಿಗೆ ನಲವತ್ತು ದಾಟಿದೆ. ತಕ್ಕಡಿ ತಯಾರಿಸುವ ಕಂಪನಿಯಲ್ಲಿ ಪರೀಕ್ಷಕಿ. ಗಾಲಿಕುರ್ಚಿಯಲ್ಲಿ ಕೂತು, ರಿಪೇರಿಗೆ ಬಂದ ತಕ್ಕಡಿಗಳ ಸುಳ್ಳು ಹಿಡಿಯುವುದು ಅವಳ ಕೆಲಸ. ಊರೂರು ತಿರುಗುವವನು ಬೇರೆ ಒಬ್ಬನಿದ್ದ. ಅವನಿಗೆ ಮಂಗನಬಾವು ಬಂದು ಮುಖ ಕುಂಬಳಕಾಯಿಯಾದಾಗ, ಸಮುದ್ರದ ದಂಡೆಯ ಉಪ್ಪಿನ ಗೋದಾಮಿನ ತಕ್ಕಡಿ ನೋಡಲು ಯಾರೂ ಇಲ್ಲವಾಯಿತು. ಆ ತಕ್ಕಡಿ ಇರುವುದು ದೋಣಿಕಟ್ಟೆಯ ಮೇಲೆ, ನೀರಿಗೆ ಮುಖ ಮಾಡಿ. ಅದು ಅವಳಿಗೆ ಗೊತ್ತಿತ್ತು. "ನಾನು ಹೋಗ್ತೀನಿ" ಎಂದಳು. ಸಮುದ್ರದ ಮಾತು ಎತ್ತಲಿಲ್ಲ. ಕೆಲಸಕ್ಕೆ ಹೋಗುವವರಿಗೆ ಆಸೆ ಇರಬಾರದೆಂಬುದು ಎಲ್ಲ ಆಫೀಸುಗಳ ನಿಯಮ.

ಸಾಹೇಬರು ಅರೆಮನಸ್ಸಿನಿಂದ ಒಪ್ಪಿದರು. ಒಪ್ಪಿ ಸುಮ್ಮನಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಗೋದಾಮಿನ ಮ್ಯಾನೇಜರಿಗೆ ಫೋನ್ ಮಾಡಿ, "ಬರೋರಿಗೆ ನಡೆಯೋಕಾಗಲ್ಲ, ಸ್ವಲ್ಪ ನೋಡ್ಕೊಳ್ಳಿ" ಎಂದುಬಿಟ್ಟರು.

ಅವರು ನೋಡಿಕೊಂಡರು.

ಬೆಳಿಗ್ಗೆ ರೈಲು ನಿಂತಾಗ ಪ್ಲಾಟ್‌ಫಾರ್ಮಿನ ಮೇಲೆ ಮ್ಯಾನೇಜರು, ಗುಮಾಸ್ತ, ಸ್ಟೋರ್ ಕೀಪರು, ಹಮಾಲರ ದಂಡು, ಎಲ್ಲರೂ ಮದುವೆ ಗಂಡನ್ನು ಎದುರುಗೊಳ್ಳುವವರಂತೆ ನಿಂತಿದ್ದರು. ಅವರ ನಡುವೆ, ಗೋಣಿ ಹೊದ್ದು, ಗಂಡಿನ ಹಾಗೆಯೇ ಗರಬಡಿದು ನಿಂತಿತ್ತು ಮೂಟೆ ತೂಗುವ ಆ ದೊಡ್ಡ ತಕ್ಕಡಿ.

"ನಿಮಗೆ ತೊಂದರೆ ಆಗಬಾರದು ಅಂತ ತಕ್ಕಡೀನೇ ಕರ್ಕೊಂಡು ಬಂದಿದ್ದೀವಿ ಮೇಡಂ. ಇಲ್ಲೇ ನೋಡಿಬಿಡಿ. ಬಂದ ರೈಲಲ್ಲೇ ವಾಪಸ್ಸು ಹೋಗಬಹುದು" ಎಂದರು ಮ್ಯಾನೇಜರು. ಅವರ ಮುಖ ತಿಕ್ಕಿದ ಹಿತ್ತಾಳೆ ಚೊಂಬಿನಂತೆ ಹೊಳೆಯುತ್ತಿತ್ತು. ನಸುಕಿನಲ್ಲೇ ಎದ್ದು, ಎಲ್ಲರೂ ಸೇರಿ ಅದನ್ನು ಲಾರಿಗೆ ಏರಿಸಿದ್ದರಂತೆ. ಗುಮಾಸ್ತನ ಸೊಂಟ ಹಿಡಿದುಕೊಂಡಿದ್ದು ಎದ್ದು ಕಾಣುತ್ತಿತ್ತು.

ತಕ್ಕಡಿಯಕ್ಕನಿಗೆ ಅಳು ಬಂತು. ಅವರೆಲ್ಲ ಅದನ್ನು ಸಂತೋಷದ ಕಣ್ಣೀರು ಎಂದುಕೊಂಡರು. ಸಾವರಿಸಿಕೊಂಡು ಅವಳು ತಿಳಿಸಿ ಹೇಳಿದಳು: ಮೂಟೆ ತಕ್ಕಡಿಯನ್ನು ಅದು ದುಡಿಯುವ ಜಾಗದಲ್ಲೇ ಪರೀಕ್ಷೆ ಮಾಡಬೇಕು, ನೆಲ ಬದಲಾದರೆ ತೂಕ ಬದಲಾಗುತ್ತದೆ. ಮ್ಯಾನೇಜರ ಮುಖ ಬಾಡಿತು. ತಕ್ಕಡಿ ಮತ್ತೆ ಲಾರಿ ಏರಿತು. ಗುಮಾಸ್ತ ದೂರ ನಿಂತು ಕೂಗಿ ಸಹಾಯ ಮಾಡಿದ.

ಮುಂದಿನ ಸೀಟಿಗೆ ಅವಳನ್ನು ಹತ್ತಿಸುವುದು ಹೇಗೆಂದು ಚರ್ಚೆಯಾಯಿತು. ಕುರ್ಚಿಸಮೇತವೋ, ಬಿಟ್ಟೋ, ಎಡದಿಂದಲೋ, ಬಲದಿಂದಲೋ. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ನಡುವೆ ಮ್ಯಾನೇಜರು ಗುಮಾಸ್ತನನ್ನು ವಿಚಾರಿಸಿದರು, "ಅವರು ಟೀ ಕುಡೀತಾರಾ?"

"ಕುಡೀತಾರೆ," ಎಂದಳು ತಕ್ಕಡಿಯಕ್ಕ. "ಅವರಿಗೆ ಸಕ್ಕರೆ ಕಮ್ಮಿ ಇರಲಿ."

ಲಾರಿ ಪೇಟೆ ದಾಟಿತು. ಸೈಕಲ್ ಅಂಗಡಿ, ಔಷಧಿ ಅಂಗಡಿ, ಒಣಹಾಕಿದ ಬಟ್ಟೆಗಳ ಓಣಿ. ಒಂದು ತಿರುವಿನಲ್ಲಿ ಗಾಳಿ ಬದಲಾಯಿತು. ಡಾಂಬರು, ಒದ್ದೆ ಹಗ್ಗ, ಬಿಸಿಲು. ಅವಳು ಕಣ್ಣು ಮುಚ್ಚಿದಳು. ತಲೆಸುತ್ತು ಬಂದಿರಬೇಕೆಂದು ಡ್ರೈವರು ಪಾಪ ಗಾಜು ಏರಿಸಿದ.

ಗೋದಾಮಿನ ಬೆನ್ನಿಗೇ ಸಮುದ್ರ. ಹಿಂಬಾಗಿಲು ತೆರೆದರೆ ದೋಣಿಕಟ್ಟೆ. ಆದರೆ ಲಾರಿ ಬರುವಷ್ಟರಲ್ಲಿ ಮ್ಯಾನೇಜರು ಇನ್ನೊಂದು ಉಪಕಾರ ಯೋಚಿಸಿದ್ದರು. ದೋಣಿಕಟ್ಟೆಗೆ ಮೆಟ್ಟಿಲಿದೆ, ಮೇಡಂಗೆ ಆಗುವುದಿಲ್ಲ, ಆದ್ದರಿಂದ ತಕ್ಕಡಿಯನ್ನು ಗೋದಾಮಿನ ಒಳಗೇ ಹಾಕುವುದು.

"ಅದರ ಜಾಗ ಹೊರಗಲ್ಲವಾ?" ಎಂದಳು ಅವಳು.

"ಇನ್ಮೇಲೆ ಇದೇ ಅದರ ಜಾಗ ಮೇಡಂ. ನಿಮಗೋಸ್ಕರ ಶಾಶ್ವತವಾಗಿ ಬದಲಾಯಿಸಿದ್ದೀವಿ."

ಸಮುದ್ರದ ಗಾಳಿ ಬಡಿದೀತೆಂದು ಹಿಂಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಕಿಸೆಗೆ ಇಳಿಸಿದರು. ಗೋದಾಮಿಗೆ ಕಿಟಕಿ ಇರಲಿಲ್ಲ. ಸೂರಿನ ಕೆಳಗಿನ ಗವಾಕ್ಷಿಯಿಂದ ಅಲೆಯ ಸದ್ದು ಮಾತ್ರ ಬರುತ್ತಿತ್ತು, ಪಕ್ಕದ ಮನೆಯ ಮದುವೆಯಂತೆ.

ಅವಳು ನೆಲ ಸಮವಿದೆಯೇ ಎಂದು ರಸಮಟ್ಟ ಇಟ್ಟು ನೋಡಿದಳು, ತೂಕದ ಕಲ್ಲು ಏರಿಸಿದಳು. ಎರಡು ಸಲ ಲಾರಿ ಸವಾರಿ ಮಾಡಿದ ತಕ್ಕಡಿ ಅಮಲೇರಿದವನ ಹಾಗೆ ಬಾಯಿಗೆ ಬಂದದ್ದು ಹೇಳುತ್ತಿತ್ತು. ಅದನ್ನು ದಾರಿಗೆ ತರುವಷ್ಟರಲ್ಲಿ ಮಧ್ಯಾಹ್ನವಾಯಿತು. ಊಟ ಮಹಡಿಯ ಮೇಲೆ. ಅವಳನ್ನು ಮೇಲೆ ಹೊರುವುದೋ, ಊಟವನ್ನು ಕೆಳಗೆ ತರುವುದೋ ಎಂಬ ಪ್ರಶ್ನೆ ಎದ್ದಿತು. ತೀರ್ಮಾನ ಮಾಡಿ ಬರುತ್ತೇನೆಂದು ಗುಮಾಸ್ತ ಮೇಲೆ ಹೋದ. ಅವನೇಕೆ ಬರಲಿಲ್ಲವೆಂದು ನೋಡಲು ಸ್ಟೋರ್ ಕೀಪರು ಹೋದ. ಇಬ್ಬರನ್ನೂ ಗದರಿಸಲು ಮ್ಯಾನೇಜರು ಹೋದರು. ಸ್ವಲ್ಪ ಹೊತ್ತಿಗೆ ಮೂವರೂ ಕೈ ಒರೆಸಿಕೊಳ್ಳುತ್ತ ಇಳಿದು ಬಂದರು. ಮೇಡಂ ಊಟ ಮುಗಿಸಿದ್ದಾರೆಂದೇ ಪ್ರತಿಯೊಬ್ಬರೂ ತಿಳಿದಿದ್ದರು. ಅವಳಿಗೂ ಹೇಳಲು ಮನಸ್ಸಾಗಲಿಲ್ಲ. ಹೇಳಬೇಕಾದ ಮಾತು ಬೇರೆಯೇ ಇತ್ತು.

"ನನಗೆ ಸಮುದ್ರ ನೋಡಬೇಕು" ಎಂದಳು.

ಎಲ್ಲರೂ ಒಟ್ಟಿಗೆ ಮಾತಾಡಿದರು. ಮೆಟ್ಟಿಲಿಗೆ ಪಾಚಿ ಕಟ್ಟಿದೆ, ಮರಳಿನಲ್ಲಿ ಗಾಲಿ ಹೂತುಹೋಗುತ್ತದೆ, ಗುಮಾಸ್ತ ಒಮ್ಮೆ ಜಾರಿ ನೀರು ಕುಡಿದಿದ್ದಾನೆ. ಮ್ಯಾನೇಜರು ಸಾಹೇಬರಿಗೆ ಫೋನ್ ಮಾಡಿದರು. ಸಾಹೇಬರು ಅವಳ ಅಣ್ಣನಿಗೆ ಮಾಡಿದರು. ಅಣ್ಣ, ಶೀತವಾದರೆ ಅವಳಿಗೆ ಕೆಮ್ಮು ಹಿಡಿಯುತ್ತದೆ, ಚಿಕ್ಕಂದಿನಿಂದಲೂ ಹಾಗೆಯೇ, ಬೇಡ ಎಂದ. ಬೇಡವೆಂಬುದು ಪ್ರಶ್ನೆ ಹೋದ ದಾರಿಯಲ್ಲೇ ಹಿಂದಿರುಗಿ ಅವಳ ಮುಂದೆ ನಿಂತಿತು.

ಸ್ಟೋರ್ ಕೀಪರನ ಕರುಳು ಚುರುಕ್ಕೆಂದಿತೋ ಏನೋ, ಸುತ್ತುಬಳಸಿ ಓಡಿಹೋಗಿ ಒಂದು ಬಕೆಟ್ಟು ಹೊತ್ತು ತಂದ. "ತಗೊಳ್ಳಿ ಮೇಡಂ, ಸಮುದ್ರ" ಎಂದು ಅವಳ ಕಾಲ ಬಳಿ ಇಟ್ಟ. ಓಡಿ ಬಂದದ್ದಕ್ಕೆ ಅದರಲ್ಲಿ ಪುಟ್ಟ ಅಲೆಗಳೂ ಇದ್ದವು. ಅವಳು ಕೈ ಅದ್ದಿದಳು. ತಣ್ಣಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ, "ಚೆನ್ನಾಗಿದೆ" ಎಂದಳು. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೊಂದು ಬಕೆಟ್ಟು ತರಲು ಹೊರಟವನನ್ನು ಹಿಡಿದು ನಿಲ್ಲಿಸಬೇಕಾಯಿತು.

ಗಂಡಸರು ಟೀಗೆ ಹೋದಾಗ ಅಡುಗೆಯಾಕೆ ಬಕೆಟ್ಟು ತೆಗೆಯಲು ಬಂದಳು. ಮಾತಾಡುವ ಮೊದಲು ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಆ ದಿನ ತಕ್ಕಡಿಯಕ್ಕ ಕತ್ತೆತ್ತದೆ ನೋಡಿದ ಮೊದಲ ಮುಖ ಅದು.

"ಆ ಬಾಗಿಲಾಚೆ ಉಪ್ಪಿನ ಮೂಟೆ ಜಾರಿಸೋ ಹಲಗೆ ಇದೆ ಅಕ್ಕ. ಅಗಲಕ್ಕಿದೆ. ಮೂಟೆ ಹೋಗೋ ದಾರೀಲಿ ಮನುಷ್ಯರು ಹೋಗಬಾರದಾ? ಇವತ್ತು ಕೀಲಿ ಅವರ ಹತ್ರ ಇದೆ. ಇನ್ನೊಂದ್ಸಲ ಬನ್ನಿ. ಬೆಳಿಗ್ಗೆ ಇವರ್‍ಯಾರೂ ಬಂದಿರಲ್ಲ, ಕೀಲಿ ನನ್ನ ಕೈಲಿರುತ್ತೆ."

ತಕ್ಕಡಿಯಕ್ಕನ ಎದೆ ಹಗುರಾಯಿತು. ಮ್ಯಾನೇಜರು ಬಂದಾಗ ಗಂಭೀರವಾಗಿ, ಜಾಗ ಬದಲಿಸಿದ ತಕ್ಕಡಿ ನೆಲಕ್ಕೆ ಹೊಂದಿಕೊಳ್ಳಲು ಸಮಯ ಬೇಕು, ಮುಂದಿನ ತಿಂಗಳು ನಾನೇ ಬಂದು ಇನ್ನೊಮ್ಮೆ ನೋಡಬೇಕು ಎಂದಳು. ಅದು ಸುಳ್ಳಲ್ಲ. ಅಷ್ಟೇನೂ ನಿಜವೂ ಅಲ್ಲ. ಜೀವಮಾನವಿಡೀ ತಕ್ಕಡಿಗಳ ಸುಳ್ಳು ಹಿಡಿದವಳಿಗೆ ಗುಲಗಂಜಿ ತೂಕದ ಒಂದು ಸುಳ್ಳಿನ ಹಕ್ಕಿರಬಾರದೆ?

ಸಂಜೆ ಅವಳನ್ನು ರೈಲಿನ ಕಿಟಕಿ ಪಕ್ಕ ಕೂರಿಸಿದರು. ಅವಳು ಮನಸ್ಸಿನಲ್ಲೇ ಹಲಗೆಯ ಮೇಲೆ ಜಾರುತ್ತಿದ್ದಳು. ಅಷ್ಟರಲ್ಲಿ ಮ್ಯಾನೇಜರು ಕಿಟಕಿಗೆ ಮುಖ ತಂದರು. ಹಿತ್ತಾಳೆ ಚೊಂಬು ಮತ್ತೆ ಹೊಳೆಯುತ್ತಿತ್ತು.

"ಸಾಹೇಬರ ಹತ್ರ ಎಲ್ಲಾ ಮಾತಾಡಿದೆ ಮೇಡಂ. ನೀವು ಇಷ್ಟು ದೂರ ಬಂದು ಒದ್ದಾಡೋದು ಬೇಡ. ತಕ್ಕಡಿ ನಿಂತ ಜಾಗದಲ್ಲೇ ನೋಡಬೇಕು ಅಂದ್ರಲ್ಲ, ಅದಕ್ಕೇ ಇನ್ಮೇಲೆ ಅದು ನಿಮ್ಮ ಆಫೀಸಲ್ಲೇ ನಿಲ್ಲುತ್ತೆ, ನಿಮ್ಮ ಕುರ್ಚಿ ಎದುರಿಗೆ. ನಮಗೆ ಹೊಸದು ಬರುತ್ತೆ. ಅದನ್ನ ಮಂಗನಬಾವಿನವರು ಬಂದು ನೋಡ್ತಾರಂತೆ."

ವರ್ಷಗಟ್ಟಲೆ ಸಮುದ್ರ ನೋಡಿದ ತಕ್ಕಡಿ ಇನ್ನು ದಿನವೂ ಅವಳ ಮುಖ ನೋಡುತ್ತ ನಿಲ್ಲುವುದು. ಎಷ್ಟೇ ಕೇಳಿದರೂ ಅದು ಹೇಳುವುದು ತೂಕವೊಂದನ್ನೇ.

"ತುಂಬಾ ಉಪಕಾರ ಆಯ್ತು" ಎಂದಳು ತಕ್ಕಡಿಯಕ್ಕ. ಅವರ ಮುಖ ನೋಡಿದರೆ ಬೇರೇನೂ ಹೇಳುವಂತಿರಲಿಲ್ಲ.

ರೈಲು ಅಲುಗಿತು. ಮ್ಯಾನೇಜರ ಹಿಂದಿನಿಂದ ಅಡುಗೆಯಾಕೆ ಮುಂದೆ ಬಂದಳು. ಮಧ್ಯಾಹ್ನ ಉಂಡ ಎಲೆಗಳ ಲೆಕ್ಕ ಹಾಕಿದವಳು ಅವಳೊಬ್ಬಳೇ ಇರಬೇಕು. ಕಿಟಕಿಯ ಸರಳುಗಳ ನಡುವಿನಿಂದ ಬಿಸಿ ಬಿಸಿ ಊಟದ ಡಬ್ಬಿಯೊಂದನ್ನು ಒಳಗೆ ದಾಟಿಸಿದಳು. ಮುಚ್ಚಳ ಬಿಚ್ಚಿಕೊಳ್ಳದಿರಲೆಂದು ಅದಕ್ಕೆ ಡಾಂಬರು ಹಚ್ಚಿದ ಹಳೆಯ ದೋಣಿಹಗ್ಗದ ತುಂಡೊಂದನ್ನು ಬಿಗಿಯಾಗಿ ಸುತ್ತಿ ಕಟ್ಟಿದ್ದಳು.