ಊಟಿಯ ಈಜುಕೊಳದ ಕಟ್ಟೆ, ನಂಜನಗೂಡಿನ ಮೇಸ್ತ್ರಿ

ಗಾರೆ ಕೆಲಸದವರಿಗೆ ನಗು ಬರುವುದು ಯಾವಾಗಲೂ ನಗಬಾರದ ಕಡೆಯಲ್ಲೇ. ಗೃಹಪ್ರವೇಶದ ದಿನವೇ ಕುಸಿದ ಸಜ್ಜೆ, ಬಾಗಿಲು ಬಿಡುವುದನ್ನು ಮರೆತು ಕಟ್ಟಿದ ಬಚ್ಚಲುಮನೆ, ಎಲ್ಲವನ್ನೂ ಈ ಕಣ್ಣು ಕಂಡಿದೆ. ಆದರೆ ತೊಂಬತ್ತರ ದಶಕದ ಕೊನೆಯಲ್ಲಿ ಊಟಿಯ ಒಂದು ಹೋಟೆಲಿನ ಈಜುಕೊಳದ ಕಟ್ಟೆ ರಿಪೇರಿ ಮಾಡಿದೆವಲ್ಲ, ಆ ಇಪ್ಪತ್ತು ದಿನ ನಕ್ಕಷ್ಟು ನಾನು ಎಲ್ಲೂ ನಕ್ಕಿಲ್ಲ. ಅಷ್ಟು ಸಂಕಟವನ್ನೂ ಪಟ್ಟಿಲ್ಲ.

೧. ಸಕ್ಕರೆ

ನಮ್ಮ ಮೇಸ್ತ್ರಿ ನಂಜನಗೂಡಿನವರು. ನಾನು ತಿ. ನರಸೀಪುರದ ಪಕ್ಕದ ಹಳ್ಳಿಯವನು, ಅವರ ಕೈಕೆಳಗೆ ಕರಣೆ ಹಿಡಿಯಲು ಕಲಿತವನು. ಎರಡೂ ತಾಲ್ಲೂಕಿನಲ್ಲಿ ಯಾರ ಮನೆಗೆ ಕೆಂಪು ಸಿಮೆಂಟಿನ ನೆಲ ಬೇಕಾದರೂ ಅವರಿಗೇ ಹೇಳಿಕಳಿಸುತ್ತಿದ್ದರು. ಅವರು ತೀಡಿದ ನೆಲವನ್ನು ನೋಡಿಕೊಂಡು ಹೆಂಗಸರು ಬೈತಲೆ ತೆಗೆಯಬಹುದಿತ್ತು.

ಆ ವಿದ್ಯೆಯೆಲ್ಲ ಇದ್ದದ್ದು ಅವರ ಹೆಬ್ಬೆರಳಲ್ಲಿ. ಹಸಿ ಸಿಮೆಂಟನ್ನು ಒಂದು ಸಲ ಒತ್ತಿ ನೋಡಿದರೆ ಸಾಕು, ತೀಡುವ ಹೊತ್ತು ಬಂತೋ ಇಲ್ಲವೋ ಹೇಳಿಬಿಡುತ್ತಿದ್ದರು. ಆ ಬೆರಳು ಸತ್ತುಹೋಗಿದೆ ಎಂದು ನನಗೆ ತಿಳಿದದ್ದು ಒಂದು ಬೀಡಿಯಿಂದ. ಮಾತಾಡುತ್ತಾ ಕೂತಿದ್ದಾಗ ಬೀಡಿ ಉರಿದು ಉರಿದು ಬೆರಳನ್ನೇ ಸುಡುತ್ತಿತ್ತು. ಚರ್ಮ ಸುಟ್ಟ ವಾಸನೆ ನನ್ನ ಮೂಗಿಗೆ ಬಡಿಯಿತು, ಅವರಿಗೆ ಏನೂ ಆಗಲಿಲ್ಲ.

ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಕೈಕಾಲನ್ನೆಲ್ಲ ಸೂಜಿಯಿಂದ ಚುಚ್ಚಿ ನೋಡಿ, "ಸಕ್ಕರೆ ಕಾಯಿಲೆ. ಬೆರಳು, ಪಾದ ಎರಡಕ್ಕೂ ಸ್ಪರ್ಶ ಹೋಗಿದೆ. ಸಿಮೆಂಟ್ ಮುಟ್ಟೋದು ಬಿಡಿ," ಎಂದರು.

ಹೊರಗೆ ಬಂದವರೇ ಮೇಸ್ತ್ರಿ ನನ್ನ ರಟ್ಟೆ ಹಿಡಿದರು. "ಈ ಮಾತು ನಿನ್ ಬಾಯಿಂದ ಈಚೆ ಬರ್ಬಾರ್ದು ಕಣ್ಲಾ. ಕೈ ಮರಗಟ್ಟದೆ ಅಂದ್ರೆ ಜನ ಬ್ಯಾರೆ ರೋಗದ ಎಸ್ರು ಏಳ್ತಾರೆ. ಕರಣೆ ಕಿತ್ಕೊಂಡು ಮೂಲೇಲಿ ಕೂರುಸ್ತಾರೆ. ಮೂಲೇಲಿ ಕೂತ್ರೆ ನಾನು ಸತ್ತಂಗೇಯ."

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕಲಸಿದ ಸಿಮೆಂಟಿಗೆ ಒಂದು ಹಿಡಿ ಸಕ್ಕರೆ ಬಿದ್ದರೆ ಅದು ಗಟ್ಟಿಯಾಗುವುದಿಲ್ಲ ಎನ್ನುವುದು ಗಾರೆಯವರಿಗೆಲ್ಲ ಗೊತ್ತು. ಬಸ್ಸು ಹತ್ತುವಾಗ ಅವರಿಗೆ ಅದೇ ನೆನಪಾಯಿತೋ ಏನೋ. "ಡಾಕ್ಟ್ರು ಸುಳ್ಳೇಳಿಲ್ಲ ಬುಡು," ಎಂದರು. "ಸಕ್ಕರೆ ಬಿದ್ರೆ ಸಿಮೆಂಟೇ ಸೆಟ್ಟಾಗಕಿಲ್ಲ, ಇನ್ನು ನಾನೆಲ್ಲಿ ಸೆಟ್ಟಾಗ್ಲಿ?"

೨. ನೀರು ಕುಡಿಸಿದ್ದು

ಊಟಿಯ ಕೆಲಸ ಬಂದದ್ದು ಅದರ ಮುಂದಿನ ವಾರ. ಮೇಸ್ತ್ರಿ, ನಾನು, ಸಿಮೆಂಟು ಕಲಸುವವನೊಬ್ಬ, ಮೂವರೇ ಹೊರಟೆವು. ಅಲ್ಲಿ ಕಟ್ಟೆಯ ಬಿರುಕಿಗೆ ಇಳಿದ ನೀರು ಚಳಿಗಾಲದ ರಾತ್ರಿಯಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ, ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಸಡಿಲವಾದದ್ದನ್ನೆಲ್ಲ ಕೆತ್ತಿ, ತೊಳೆದು, ಮೇಲೆ ಹೊಸ ಪದರ ಎಳೆಯಬೇಕಿತ್ತು.

ಮೊದಲ ಬದಿಯನ್ನು ಎರಡು ದಿನದಲ್ಲಿ ಮುಗಿಸಿದೆವು. ನಮ್ಮ ಬಿಸಿಲ ಸೀಮೆಯಲ್ಲಿ ಹೊಸ ಸಿಮೆಂಟಿನ ಸುತ್ತ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸದಿದ್ದರೆ ಮೇಸ್ತ್ರಿಗೆ ಊಟ ಸೇರುವುದಿಲ್ಲ. ಎರಡನೆಯ ಸಂಜೆ ಅಲ್ಲೂ ಬದು ಕಟ್ಟಿ ನೀರು ತುಂಬಿದೆವು. ಹೋಟೆಲಿನ ಮ್ಯಾನೇಜರು ಮೈಸೂರಿನಲ್ಲಿ ಓದಿದವರು, ಕನ್ನಡ ಬರುತ್ತಿತ್ತು. "ಇಲ್ಲಿ ಚಳಿ ಜಾಸ್ತಿ, ನೀರು ಬೇಡವೇನೋ," ಎಂದರು.

"ಸಾ, ಕಪಿಲೆ ನೀರ್ನಲ್ಲಿ ಪಳಗಿದ ಕೈ ಇದು," ಎಂದರು ಮೇಸ್ತ್ರಿ.

ಬೆಳಿಗ್ಗೆ ಎದ್ದು ನೋಡಿದರೆ ಕಟ್ಟೆಯ ಮೇಲೆ ಗಾಜು ಹಾಸಿದೆ. ನೀರು ಮಂಜುಗಡ್ಡೆಯಾಗಿತ್ತು. ಕಲಸುವವನು ಅದನ್ನು ನೋಡಲು ಹೋಗಿ ಒಂದು ಸಲ ಬಿದ್ದ, ಹೇಗೆ ಬಿದ್ದೆನೆಂದು ತೋರಿಸಲು ಹೋಗಿ ಇನ್ನೊಂದು ಸಲ ಬಿದ್ದ. ಗಡ್ಡೆ ಎಬ್ಬಿಸಿದರೆ ಅದರ ಜೊತೆಗೆ ನಮ್ಮ ಎರಡು ದಿನದ ಕೆಲಸವೂ ಹಪ್ಪಳದಂತೆ ಎದ್ದು ಬಂತು.

ಮ್ಯಾನೇಜರು ಬಂದು ನೋಡಿದರು. "ಇನ್ನೊಂದು ಸಲ ಹೀಗಾದರೆ ನಿಮ್ಮನ್ನು ಕಳಿಸಿ ಕೊಯಮತ್ತೂರಿನವರನ್ನು ಕರೆಸುತ್ತೇನೆ," ಎಂದರು. ಮೇಸ್ತ್ರಿಯ ಮುಖ ಕಪ್ಪಿಟ್ಟಿತು. ಹಾಗೆ ಹೊರಹಾಕಿಸಿಕೊಂಡು ಊರಿಗೆ ಹೋದರೆ ಯಾಕೆ ಏನು ಎಂದು ಕೇಳುತ್ತಾರೆ, ಕೇಳಿದರೆ ಕೈಯ ಸುದ್ದಿ ಹೊರಬೀಳುತ್ತದೆ. ಆದರೂ ಅವರು ಒಂದು ಗಡ್ಡೆಯನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, "ಏನೇ ಅನ್ನಿ ಸಾ, ಒಂದೇ ರಾತ್ರಿಗೆ ಇಷ್ಟು ಚೆಂದಾಗಿ ಸೆಟ್ಟಾಗಿರೋದ ನನ್ ಸರ್ವೀಸ್ನಲ್ಲೇ ನೋಡಿಲ್ಲ," ಎಂದರು.

೩. ಕಂಬಳಿ

ಎರಡನೆಯ ಸಲ ನೀರಿನ ಮಾತೇ ಎತ್ತಲಿಲ್ಲ. ಹೊಸ ಪದರದ ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಹುಲ್ಲು ಹರಡಿ ಬೆಚ್ಚಗಿಟ್ಟೆವು. ಹುಲ್ಲು ಒಂದು ಮೂಲೆಗೆ ಸಾಲಲಿಲ್ಲ. ಮೇಸ್ತ್ರಿ ತಮ್ಮ ಕಂಬಳಿ ತಂದು ಹೊದಿಸಿದರು. ಆಮೇಲೆ ನಮ್ಮಿಬ್ಬರ ಮುಖ ನೋಡಿದರು. ನಮ್ಮ ಕಂಬಳಿಗಳನ್ನೂ ಕೊಟ್ಟೆವು.

ಬೆಳಿಗ್ಗೆ ಮೂವರಿಗೂ ಹಲ್ಲು ಕಟಕಟ, ಹುಲ್ಲಿನ ಮೇಲೆಲ್ಲ ಹೆಪ್ಪುಗಟ್ಟಿದ ಬಿಳಿ ಇಬ್ಬನಿ. ಕಂಬಳಿ ಎತ್ತಿ ಮುಟ್ಟಿದರೆ ಸಿಮೆಂಟು ಬೆಚ್ಚಗೆ ಮಲಗಿತ್ತು, ಒಂದು ಚಕ್ಕೆಯೂ ಎದ್ದಿರಲಿಲ್ಲ. ಕಲಸುವವನು ಅದನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದ. "ಅಣ್ಣೋ, ಮುಂದಿನ್ ಜನ್ಮ ಅಂತಿದ್ರೆ ನಾನು ಸಿಮೆಂಟಾಗಿ ಉಟ್ಬೇಕು ಕಣಣ್ಣೋ," ಎಂದ.

೪. ಪೊರಕೆ

ಆ ಬದಿಯನ್ನು ಮೇಸ್ತ್ರಿ ಅಭ್ಯಾಸಬಲದಿಂದ ಕನ್ನಡಿಯಂತೆ ತೀಡಿದ್ದರು. ಮ್ಯಾನೇಜರು ಮೆಚ್ಚಿಕೊಂಡು ಬೂಟುಗಾಲಲ್ಲಿ ನಾಲ್ಕು ಹೆಜ್ಜೆ ಇಟ್ಟರು. ಐದನೆಯ ಹೆಜ್ಜೆಗೆ ಕೂತುಬಿಟ್ಟರು. ಕೂತಲ್ಲಿಂದಲೇ, "ಮೇಸ್ತ್ರಿ, ಇದು ಒದ್ದೆ ಕಾಲಲ್ಲಿ ಓಡಾಡುವ ಜಾಗ. ಒರಟಾಗಿರಬೇಕು. ಇದನ್ನು ಉಜ್ಜಿ ಒರಟು ಮಾಡಿ. ಉಳಿದ ಬದಿಗೆ ಹಸಿಯಾಗಿದ್ದಾಗಲೇ ಪೊರಕೆ ಎಳೆಯಿರಿ," ಎಂದರು.

"ಪೊರಕೇನಾ? ನನ್ ನೆಲಕ್ಕಾ?"

"ಹೌದು, ಗೀರು ಗೀರು ಬರಬೇಕು."

ಮೇಸ್ತ್ರಿ ಬೈಯಲಿಲ್ಲ, ವಾದ ಮಾಡಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ಪೇಟೆಗೆ ಹೋಗಿ ಹೊಸ ಪೊರಕೆ ತಂದರು, ಗೋಡೆಗೆ ಒರಗಿಸಿ ಅದಕ್ಕೆ ಕುಂಕುಮ ಇಟ್ಟು, ಊದುಬತ್ತಿ ಹಚ್ಚಿ ಕೈಮುಗಿದು ನಿಂತರು. ಮ್ಯಾನೇಜರಿಗೆ ಗಾಬರಿಯಾಯಿತು. "ಇದೇನು ಪೂಜೆ?" ಎಂದು ಕೇಳಿದರು.

"ಪೂಜೆ ಅಲ್ಲ ಸಾ," ಎಂದರು ಮೇಸ್ತ್ರಿ. "ನನ್ ಮೂವತ್ತು ವರ್ಸದ ಮರ್ವಾದೆಗೆ ತಿಥಿ."

೫. ಕೆಮ್ಮು

ಪೊರಕೆ ಎಳೆಯುವುದಕ್ಕೂ ಒಂದು ಹೊತ್ತಿದೆ. ಬೇಗ ಎಳೆದರೆ ಸಿಮೆಂಟು ಕಿತ್ತುಬರುತ್ತದೆ, ತಡವಾದರೆ ಗೀರೇ ಬೀಳುವುದಿಲ್ಲ. ಊರಿನಲ್ಲಿ ಎರಡು ಗಂಟೆಯಲ್ಲಿ ಬಿಗಿಯುವುದು ಆ ಚಳಿಯಲ್ಲಿ ಅರ್ಧ ದಿನ ಹಿಡಿಯುತ್ತಿತ್ತು. ಹೊತ್ತನ್ನು ಹೇಳಬೇಕಾದದ್ದು ಹೆಬ್ಬೆರಳು, ಅದೂ ಮ್ಯಾನೇಜರ ಎದುರಿಗೆ.

ಅದಕ್ಕೆ ನಾವಿಬ್ಬರೇ ಒಂದು ಉಪಾಯ ಮಾಡಿದೆವು. ನಾನು ಮೊದಲೇ ಮೂಲೆಯಲ್ಲಿ ಗುಟ್ಟಾಗಿ ಒತ್ತಿ ನೋಡುವುದು, ಹೊತ್ತು ಬಂದಿದ್ದರೆ ಅವರ ಹಿಂದೆ ನಿಂತು ಒಂದು ಸಲ ಕೆಮ್ಮುವುದು. ಅವರು ಎಲ್ಲರೆದುರು ಠೀವಿಯಿಂದ ಹೆಬ್ಬೆಟ್ಟು ಒತ್ತಿ, ಕಣ್ಣುಮುಚ್ಚಿ, ಕೆಮ್ಮು ಕೇಳಿದ ಮೇಲೆ "ಆಯ್ತು, ಎಳೀರಿ," ಎನ್ನುವುದು. ಎರಡು ಬದಿ ಹೀಗೇ ಮುಗಿಯಿತು, ಮ್ಯಾನೇಜರಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

ಕೊನೆಯ ಬದಿ ಪೂರ್ತಿ ಹಾಳಾಗಿತ್ತು. ಅಗೆದು ಅರ್ಧ ಗೇಣು ದಪ್ಪ ಹೊಸ ಕಾಂಕ್ರೀಟು ಹಾಕಿದೆವು. ಅಷ್ಟರಲ್ಲಿ ಕಂಬಳಿಯಿಲ್ಲದ ರಾತ್ರಿಗಳು ನನ್ನ ಎದೆಗೆ ಇಳಿದಿದ್ದವು. ಮಧ್ಯಾಹ್ನ ಮೂಲೆಯಲ್ಲಿ ಒತ್ತಿ ನೋಡಿದೆ, ಇನ್ನೂ ಹಿಟ್ಟಿನಂತಿತ್ತು. ಅದೇ ಹೊತ್ತಿಗೆ ಮ್ಯಾನೇಜರು ಬಂದರು, ಮೇಸ್ತ್ರಿ ಬಗ್ಗಿ ಹೆಬ್ಬೆಟ್ಟು ಒತ್ತಿದರು, ನನ್ನ ಗಂಟಲಲ್ಲಿ ಕೆರೆತ ಶುರುವಾಯಿತು. ಉಸಿರು ಕಟ್ಟಿ ಹಿಡಿದೆ. ಕಣ್ಣಲ್ಲಿ ನೀರು ಬಂತು. ಕೊನೆಗೆ ಕೆಮ್ಮೂ ಬಂತು.

"ಆಯ್ತು! ಪೊರಕೆ ತತ್ತಾ!" ಎಂದವರೇ ಮೇಸ್ತ್ರಿ ನಮ್ಮ ಕಡೆ ತಿರುಗಿ, ಹಿಂದೆ ಹಿಂದೆ ಸರಿಯುತ್ತಾ ಬರಿಗಾಲಲ್ಲಿ ಕಾಂಕ್ರೀಟಿನ ಮೇಲೇ ನಡೆದರು. ಒಂದು, ಎರಡು, ಮೂರು ಹೆಜ್ಜೆ. ಕಣಕಾಲಿನವರೆಗೆ ಹೂತುಹೋದರು. ಅಲ್ಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, "ಈ ಕಡೆಯಿಂದ ಎಳೀರ್ಲಾ, ಗೀರು ನೆಟ್ಟಗಿರ್ಬೇಕು," ಎಂದು ಅಪ್ಪಣೆ ಕೊಡತೊಡಗಿದರು.

ಕಲಸುವವನು ಮೊದಲು ನಕ್ಕ. ನಾನೂ ನಕ್ಕೆ, ಪಕ್ಕೆ ಹಿಡಿದುಕೊಂಡು ನಕ್ಕೆ.

"ಏನ್ಲಾ ಅಂಗ್ ನಗ್ತೀರಾ?" ಎಂದು ಅವರು ನಿಜವಾಗಿ ಕೇಳಿದರು. ಆಗ ನನಗೆ ಹೊಳೆಯಿತು. ಕಾಲು ಹೂತಿದೆ ಎನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

"ಮೇಸ್ತ್ರಿ, ಕಾಲು..." ಎಂದರು ಮ್ಯಾನೇಜರು.

ಅವರು ತಲೆ ಬಗ್ಗಿಸಿ ನೋಡಿಕೊಂಡರು. ಆ ಕ್ಷಣದ ಅವರ ಮುಖವನ್ನು ನಾನು ಇಂದಿಗೂ ಮರೆತಿಲ್ಲ, ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ. ಆಮೇಲೆ ತಲೆಯೆತ್ತಿ, ಗತ್ತು ಒಂದಿಷ್ಟೂ ಬಿಡದೆ, "ಗೊತ್ತು ಸಾ. ಈ ಉಡುಗ್ರಿಗೆ ಬಾಯಲ್ಲೇಳುದ್ರೆ ತಲೆಗೋಗಕಿಲ್ಲ. ಇನ್ನೂ ಸೆಟ್ಟಾಗಿಲ್ಲ ಅಂತ ಇಳ್ದು ತೋರುಸ್ದೆ," ಎಂದರು.

ಮ್ಯಾನೇಜರು ತಲೆದೂಗಿದರು. "ಅನುಭವ ಅಂದರೆ ಇದು," ಎಂದು ಹೇಳಿ ಒಳಗೆ ಹೋದರು.

ನಾನು ಅವರನ್ನು ಎತ್ತಿ ಈಚೆಗೆ ತಂದೆ, ಕಲಸುವವನನ್ನು ಬಿಸಿನೀರಿಗೆ ಅಟ್ಟಿ, ಅವರ ಪಾದಗಳನ್ನು ಬಕೆಟ್ಟಿನಲ್ಲಿಟ್ಟು ತೊಳೆದೆ. ಬೆರಳ ಸಂದಿಯಲ್ಲೆಲ್ಲ ಹಸಿ ಗಾಯ. ಎಂದಿನವೋ ಏನೋ, ಅವರಿಗೇ ಗೊತ್ತಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಅವರು ಸೊಂಟದಲ್ಲಿದ್ದ ಕರಣೆ ತೆಗೆದು ನನ್ನ ಕೈಗಿಟ್ಟರು. ಅದನ್ನು ಅವರು ಹೆಂಡತಿಯ ಕೈಗೂ ಕೊಟ್ಟವರಲ್ಲ.

"ತಗೋ. ಇವತ್ತಿಂದ ಎಬ್ಬೆಟ್ಟು ನಿಂದು, ಬೈಯೋ ಕೆಲ್ಸ ನಂದು. ಒಂದೇ ಒಂದು ಮಾತು ಕಣ್ಲಾ. ಇನ್ಮ್ಯಾಕೆ ಕೆಮ್ಮಬ್ಯಾಡ, ಬಾಯ್ಬುಟ್ಟು ಏಳು."

ಆಗಲಿ ಎನ್ನಲು ಬಾಯಿ ತೆರೆದೆ. ಕೆಮ್ಮು ಬಂತು. ಮೇಸ್ತ್ರಿ ಥಟ್ಟನೆ ಬಗ್ಗಿ, ತಮ್ಮ ಕಾಲು ಎಲ್ಲಿದೆ ಎಂದು ನೋಡಿಕೊಂಡರು.